ಬಾನಪಟದ ಬೂದು ಚೌಕ

ಹೊಳೆ ಮೊಣಕೈಯಂತೆ ಬಾಗುವ ಕಡೆ ಒಂದು ಬೋಳು ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಒಂದು ಆಶ್ರಮ. ಅಲ್ಲಿ ಮಂತ್ರಕ್ಕಿಂತ ಆಕಾಶದ ಪಾಠವೇ ಹೆಚ್ಚು.

ಗುರುಗಳ ಹೆಸರು ರುದ್ರಮುನಿ. ಶಿಷ್ಯರಿಗೆಲ್ಲ ಅವರು ಅಜ್ಜಾರು.

ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ತಲೆಮಾರಿಗೊಮ್ಮೆ ಇಡೀ ಆಕಾಶವನ್ನು ಬಟ್ಟೆಯ ಮೇಲೆ ಇಳಿಸಬೇಕು. ಬಿದಿರಿನ ಚೌಕಟ್ಟೊಂದನ್ನು ಕಂಬಕ್ಕೆ ಕಟ್ಟಿ, ಅದರೊಳಗೆ ಎಷ್ಟು ಚಿಕ್ಕಿ, ಎಂದರೆ ನಕ್ಷತ್ರ, ಕಾಣುತ್ತದೋ ಅಷ್ಟನ್ನು ಗಂಜಿ ಹಾಕಿದ ಒಂದು ಚೌಕ ಬಟ್ಟೆಯ ಮೇಲೆ ಮಸಿಯ ಚುಕ್ಕೆಗಳಲ್ಲಿ ಬರೆಯಬೇಕು. ಆಮೇಲೆ ಚೌಕಟ್ಟನ್ನು ಪಕ್ಕಕ್ಕೆ ಸರಿಸಬೇಕು. ಕೊನೆಗೆ ಚೌಕಗಳನ್ನೆಲ್ಲ ಸೇರಿಸಿ ಹೊಲಿದರೆ, ಅದು ಬಾನಪಟ.

ಹಳೆಯ ಬಾನಪಟ ಹಜಾರದ ಗೋಡೆಗೆ ತೂಗುಬಿದ್ದಿತ್ತು. ಅಜ್ಜಾರು ಇನ್ನೂ ಶಿಷ್ಯರಾಗಿದ್ದಾಗ, ಅವರ ಗುರುಗಳ ಕಾಲದಲ್ಲಿ ಆದದ್ದು. ಈಗ ಹುಳ ತಿಂದು ಜರಡಿಯಾಗಿತ್ತು.

ಒಂದು ಮುಂಜಾನೆ ಅಜ್ಜಾರು ಶಿಷ್ಯರನ್ನು ಅದರ ಮುಂದೆ ಕೂರಿಸಿಕೊಂಡರು.

"ಇದನ್ನ ಯಾಕ ಮಾಡ್ತೇವಿ?"

"ಆಕಾಶ ಚಂದ ಐತಂತ್ರಿ," ಎಂದ ಒಬ್ಬ.

"ಚಂದ ನೋಡಾಕ ತಲಿ ಎತ್ತಿದ್ರ ಸಾಕು. ಬಟ್ಟಿ ಯಾಕ ಹಾಳ ಮಾಡೂದು?"

ಆಗ ಕೇತ ಎಂಬ ಶಿಷ್ಯ ಬಾಯಿ ಬಿಟ್ಟ. "ಹೊಸಾ ಚಿಕ್ಕಿ ಬಂದ್ರ ಗುರುತ ಹಿಡಿಯಾಕ್ರಿ ಅಜ್ಜಾರ. ಮನ್ಯಾಗ ಬೀಗರು ಬಂದಾರೋ ಇಲ್ಲೋ ತಿಳೀಬೇಕಂದ್ರ, ಮನಿ ಮಂದಿ ಯಾರ್ ಯಾರಂತ ಮೊದಲ ಗೊತ್ತಿರಬೇಕು."

ಅಜ್ಜಾರು ಅವನತ್ತ ತಿರುಗಿದರು.

"ಹಂಗಾದ್ರ ಹೊಸಾ ಪಟಕ್ಕ ನೀನ ದಾರಿ ಹಾಕು. ಚೌಕಟ್ಟು ಎಷ್ಟಿರಬೇಕು, ಎಲ್ಲಿಂದ ಸುರು, ಯಾರು ಯಾವ ಕಡೆ, ಎಲ್ಲಾ ನಿಂದ. ಹಳೇದರ ನಕಲು ಮಾಡಬ್ಯಾಡ. ಸರಿ ಹೊಂದಿದ್ರ ಪಟದ ಮೂಲಿಗೆ ನಿನ್ನ ಮುದ್ರಿ."

ಕೇತನ ಎದೆ ಅಲ್ಲಿಯೇ ಒಂದು ಗೇಣು ಉಬ್ಬಿತು. ಆ ಮುದ್ರೆಗಾಗಿಯೇ ಅವನು ವರ್ಷಗಟ್ಟಲೆ ಕಾದಿದ್ದ.

ಅವನ ಬಗ್ಗೆ ಒಂದು ಮಾತು ಹೇಳಬೇಕು. ಕೃತ್ತಿಕೆಯ ಗೊಂಚಲಿನಲ್ಲಿ ಉಳಿದವರು ಆರು ಚಿಕ್ಕಿ ಎಣಿಸಿ ಕಣ್ಣುಜ್ಜಿಕೊಂಡರೆ ಕೇತ ಹತ್ತರ ತನಕ ಹೋಗುತ್ತಿದ್ದ. ಬಡಾಯಿಯಲ್ಲ, ನಿಜವಾಗಿ ಕಾಣುತ್ತಿತ್ತು. ಇಂಥ ಕಣ್ಣಿಟ್ಟುಕೊಂಡವನಿಗೆ ಜಂಬ ಇರಬಾರದು ಎಂದರೆ ಹೇಗೆ? ಇತ್ತು, ಧಾರಾಳವಾಗಿಯೇ ಇತ್ತು.

ಹಳೆಯ ಪಟದಲ್ಲಿ ಅವನ ಕಣ್ಣಿಗೆ ಚುಚ್ಚುವ ಜಾಗ ಒಂದಿತ್ತು. ದಕ್ಷಿಣದ ಅಂಚಿನ ಒಂದು ಚೌಕ. ಅದರ ಚುಕ್ಕೆಗಳೇನೋ ಸ್ಪಷ್ಟವಾಗಿದ್ದವು. ಅವುಗಳ ಹಿಂದಿನ ಬಟ್ಟೆ ಮಾತ್ರ ಬೂದು ಬಣ್ಣಕ್ಕೆ ತಿರುಗಿ ಮಂಕಾಗಿತ್ತು.

"ಯಾವನೋ ಮೈಗಳ್ಳ ಮಸಿ ಚೆಲ್ಲಿ ಒರಸ್ಯಾನ್ರಿ," ಎಂದು ಕೇತ ಎಲ್ಲರೆದುರು ಅದರತ್ತ ಬೆರಳು ತೋರಿಸಿದ. "ನನ್ನ ಪಟದಾಗ ಇಂಥಾ ಹೊಲಸ ಇರೂದಿಲ್ಲ."

ಅಜ್ಜಾರು "ಹೂಂ" ಎಂದರು.

ಕೇತ ಮೊದಲು ಅಂಗೈಯಗಲದ ಚೌಕಟ್ಟು ಮಾಡಿಕೊಂಡು ಬಂದ.

"ಎಲ್ಲೂ ಅವಸರ ಇಲ್ರಿ. ಒಂದೊಂದು ತುಂಡಿನ ಮುಂದ ಕಣ್ಣು ಪೂರಾ ಪಳಗೂತನಕ ಕೂಡ್ರೂದು. ಇದ್ದಬದ್ದ ಚಿಕ್ಕಿ ಎಲ್ಲಾ ಬರಿಯೂದು. ಒಂದೂ ತಪ್ಪಬಾರದು."

ಅಜ್ಜಾರು ಅಡುಗೆಮನೆಯಿಂದ ತುಪ್ಪ ಬಡಿಸುವ ಪುಟ್ಟ ಮಿಳ್ಳೆಯನ್ನು ತಂದು ಅವನ ಕೈಗೆ ಕೊಟ್ಟರು.

"ಅಂಗಳಕ್ಕ ನೀರು ಹೊಡಿ. ಒಂದು ಬೆರಳಿನಷ್ಟು ಜಾಗಾನೂ ಬಿಡಬ್ಯಾಡ."

ಕೇತ ಮಿಳ್ಳೆಯಿಂದ ನೀರು ಚಿಮುಕಿಸುತ್ತ ಹೊರಟ. ಬಿಸಿಲು ಏರಿತು. ಸೊಂಟ ನೊಂದಿತು. ಅಂಗಳದ ಅರ್ಧಕ್ಕೆ ಬಂದು ಹಿಂದೆ ತಿರುಗಿ ನೋಡಿದರೆ, ಸುರು ಮಾಡಿದ ಕಡೆ ಆಗಲೇ ಧೂಳು ಹಾರುತ್ತಿತ್ತು.

"ಹಸಿ ಆತೇನು?" ಎಂದು ಅಜ್ಜಾರು ಕಟ್ಟೆಯ ಮೇಲಿಂದ ಕೇಳಿದರು.

"ಇಲ್ರಿ. ಕಡೀ ತುಂಡಿಗೆ ಹೋಗೂದ್ರಾಗ ಮೊದಲಿಂದು ಒಣಗಿ ಹೋಗ್ತೈತಿ."

ಅವನು ಆ ಪುಟ್ಟ ಚೌಕಟ್ಟನ್ನು ತಾನಾಗಿಯೇ ಒಲೆಗೆ ಹಾಕಿದ.

ಎರಡನೆಯ ಸಲ ತೊಟ್ಟಿಲಿನಷ್ಟು ಅಗಲದ ಚೌಕಟ್ಟು ಹೊತ್ತುಕೊಂಡು ಬಂದ.

"ಒಂದು ವರ್ಷದಾಗ ಇಡೀ ಆಕಾಶ ಮುಗಿತೈತ್ರಿ. ಅಂಚಿಗೆ ಅಂಚು ಬರೋಬ್ಬರಿ. ಒಂದು ಕೂದಲಿನಷ್ಟು ಆಕಾಶಾನೂ ಎರಡು ಸಲ ಬರಿಯೂದಿಲ್ಲ."

ಅಜ್ಜಾರು ತಮ್ಮ ಹಳೆಯ ಧೋತರವನ್ನು ಪರ್ರನೆ ಹರಿದು ತುಂಡು ಮಾಡಿದರು. ಸೂಜಿ ದಾರ ಮುಂದಿಟ್ಟರು.

"ನನಗೊಂದು ಕೌದಿ ಹೊಲಿದು ಕೊಡು. ಅಂಚಿಗೆ ಅಂಚು ಬರೋಬ್ಬರಿ. ಒಂದರ ಮ್ಯಾಲ ಒಂದು ಏರಬಾರದು."

ಕೇತ ಹೊಲಿದ. ಎತ್ತಿ ಕೊಡವಿದ. ಅಂಚಿನ ಎಳೆಗಳು ಬಿಟ್ಟುಕೊಂಡು ಕೌದಿ ಅವನ ಕೈಯಲ್ಲೇ ಚೂರುಚೂರಾಯಿತು.

ಅವನು ಎರಡು ಚೂರು ಎತ್ತಿಕೊಂಡು ಅವುಗಳ ಅಂಚನ್ನು ಒಂದರ ಮೇಲೊಂದು ಇಟ್ಟು ನೋಡಿದ.

"ಒಂದರ ಮ್ಯಾಲ ಒಂದು ಏರಬೇಕ್ರಿ," ಎಂದ ಕಡೆಗೆ. "ಅಂಚಿನ ಚಿಕ್ಕಿ ಎರಡೂ ಚೌಕದಾಗ ಇರಬೇಕು. ಆಗ ಇವನು ಬರೆದದ್ದು ಅವನು ಬರೆದದ್ದು ಕೂಡ್ತಾವೋ ಇಲ್ಲೋ ತಿಳಿತೈತಿ."

"ಮತ್ತ ಎರಡು ಸಲ ಬರದಂಗ ಆತಲ್ಲೋ?"

"ಆಗ್ಲಿ ಬಿಡ್ರಿ."

ಅಜ್ಜಾರು ಆ ದಿನ ರೊಟ್ಟಿಗೆ ಎರಡು ಸಲ ಬೆಣ್ಣೆ ಹಾಕಿಸಿಕೊಂಡರು ಎಂದು ಆಶ್ರಮದಲ್ಲಿ ಈಗಲೂ ಹೇಳುತ್ತಾರೆ.

ಮೂರನೆಯ ಯೋಜನೆ ಸೊಗಸಾಗಿತ್ತು, ಅದನ್ನು ಒಪ್ಪಲೇಬೇಕು. ಅಗಲದ ಚೌಕಟ್ಟು. ಅಂಚಿನಲ್ಲಿ ನಾಲ್ಕು ಬೆರಳು ಒಂದರ ಮೇಲೊಂದು. ಬೆಳದಿಂಗಳ ದಿನ ಬಿಡುವು. ಮೋಡದಿಂದ ತಪ್ಪಿದ ಕಡೆಗೆ ಮತ್ತೊಂದು ಸುತ್ತು. ಹೊಗೆ ಏಳುವ ಊರಿನ ದಿಕ್ಕನ್ನು ಒಲೆ ಆರಿದ ಮೇಲೆಯೇ ನೋಡುವುದು. ಅಜ್ಜಾರು ಎಲ್ಲ ಕೇಳಿ, "ಒಂದು ಪಟ್ಟಿ ಆಕಾಶ ಬರದು ತೋರಸ್ರಿ," ಎಂದರು.

ಬರೆದರು. ಕೇತ ಒಂದು ಚೌಕ ಬರೆದ. ಅದರ ಪಕ್ಕದ್ದನ್ನು ಸೋವಕ್ಕ ಬರೆದಳು. ಸೋವಕ್ಕ ಶಿಷ್ಯರಲ್ಲೆಲ್ಲ ಹಿರಿಯಳು. ಕೈ ಬಹಳ ಚೊಕ್ಕ, ಕಣ್ಣು ಮಾತ್ರ ಈಚೆಗೆ ಸ್ವಲ್ಪ ಮಂಜು.

ಚೌಕಗಳನ್ನು ಹಗಲು ಹಜಾರದಲ್ಲಿ ಹಾಸಿದಾಗ ಎಲ್ಲರೂ ಕೇತನದರ ಸುತ್ತಲೇ ಕಿಕ್ಕಿರಿದರು. ಎಳ್ಳು ಚೆಲ್ಲಿದ ಹಾಗೆ ಅಷ್ಟೊಂದು ಚುಕ್ಕೆಗಳು! ಸೋವಕ್ಕನ ಚೌಕದಲ್ಲಿ ಅದರ ಕಾಲು ಭಾಗವೂ ಇರಲಿಲ್ಲ.

"ನಿನ್ನ ಕಣ್ಣಿಗೆ ದೃಷ್ಟಿ ತಗೀಬೇಕೋ ತಮ್ಮಾ," ಎಂದಳು ಸೋವಕ್ಕ, ಮನಸಾರೆ.

ಕೇತ ಮೀಸೆ ಸವರಿಕೊಂಡ. ಮುದ್ರೆಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡೇ ಬಂದಿದ್ದ.

ಅಜ್ಜಾರು ಒಂದು ಸಾಸಿವೆ ಕಾಳು ತರಿಸಿದರು. ಅದನ್ನು ಕೇತನ ಚೌಕದ ಖಾಲಿ ಜಾಗದಲ್ಲಿಟ್ಟರು.

"ಇವತ್ತ ಇಲ್ಲೊಂದು ಸಣ್ಣ ಚಿಕ್ಕಿ ಕಂಡ್ತಂತ ತಿಳಿ. ಹೊಸಾದೋ, ಹಳೇದೋ?"

"ಹೊಸಾದ್ರಿ. ಮೊದಲ ಇದ್ದಿದ್ರ ನಾ ಬಿಡ್ತಿದ್ದಿಲ್ಲ."

ಅಜ್ಜಾರು ಕಾಳನ್ನು ಸೋವಕ್ಕನ ಚೌಕದ ಖಾಲಿ ಜಾಗಕ್ಕೆ ಸರಿಸಿದರು.

"ಇಲ್ಲಿ?"

ಕೇತ ಕಾಳಿನತ್ತ ಬಾಗಿದ. "ಹೇಳಾಕ ಬರೂದಿಲ್ರಿ. ಮೊದಲಿಂದಾನೂ ಇದ್ದಿರಬೇಕು. ಅಕ್ಕಗ ಕಂಡಿರಲಿಕ್ಕಿಲ್ಲ."

ಅಜ್ಜಾರು ಕೇತನ ಚೌಕದ ತೀರಾ ಮಂಕಾದ ಚುಕ್ಕೆಯೊಂದರ ಮೇಲೆ ಬೆರಳಿಟ್ಟರು.

"ನಾಳೆ ನಿನಗ ಜ್ವರ ಬಂತು. ನಿನ್ನ ಚೌಕಟ್ಟಿನ ಮುಂದ ಸೋವಕ್ಕ ನಿಂತ್ಲು. ಇದು ಆಕಿಗೆ ಕಾಣಲಿಲ್ಲ. ಚಿಕ್ಕಿ ಸತ್ತೈತೇನು?"

"ಇಲ್ರಿ."

"ಪಟ ಏನಂತೈತಿ?"

ಕೇತನ ದನಿ ಇಳಿಯಿತು. "ಸತ್ತೈತಿ ಅಂತೈತ್ರಿ."

ಅಜ್ಜಾರು ಸಾಸಿವೆ ಕಾಳನ್ನು ಬಾಯಿಗೆ ಹಾಕಿಕೊಂಡು ಎದ್ದರು.

ಕೇತನಿಗೆ ಸಿಟ್ಟು ನೆತ್ತಿಗೇರಿತು. "ಹಂಗಂದ್ರ ಕಂಡದ್ದನ್ನ ಕಂಡಿಲ್ಲ ಅನ್ನಬೇಕೇನ್ರಿ ನಾನು?"

ಅಜ್ಜಾರು ಬಾಗಿಲಲ್ಲಿ ನಿಂತು ಹಳೆಯ ಪಟದತ್ತ ಗದ್ದ ತೋರಿಸಿದರು.

"ಅದರಾಗ ಹುಳಾ ತಿಂದ ಜಾಗಾ ಯಾವುದು, ಚಿಕ್ಕಿ ಇಲ್ಲದ ಜಾಗಾ ಯಾವುದು, ನಿಂತಲ್ಲಿಂದ ಹೇಳು."

ಕೇತ ನೋಡಿದ. ಅಷ್ಟು ದೂರದಿಂದ ಎರಡೂ ಒಂದೇ ಹಾಗೆ ಖಾಲಿ.

ಎರಡು ದಿನ ಅವನು ಮುಖ ಊದಿಸಿಕೊಂಡು ಹೊಳೆದಂಡೆಯ ಬಂಡೆಯ ಮೇಲೆ ಕೂತ. ಅಜ್ಜಾರು ಕೇಳಿದ್ದೇನೆಂದು ಅವನಿಗೆ ತಿಳಿದಿತ್ತು, ಅದೇ ಸಂಕಟ. ಪಟದ ಮೇಲಿನ ಖಾಲಿ ಜಾಗ ಎಲ್ಲ ಕಡೆಯೂ ಒಂದೇ ಮಾತು ಆಡಬೇಕು. ಒಂದು ಕಡೆ "ಇಲ್ಲಿ ಏನೂ ಇಲ್ಲ" ಎಂದು, ಇನ್ನೊಂದು ಕಡೆ "ಇಲ್ಲಿ ನಮಗೆ ಕಾಣಲಿಲ್ಲ" ಎಂದು ಹೇಳಿದರೆ ಅಂಥ ಪಟವನ್ನು ನಂಬುವವರು ಯಾರು?

ಸೋವಕ್ಕನಿಗೆ ಅವನ ಕಣ್ಣು ಕೊಡಲಾಗದು. ಉಳಿದದ್ದು ಒಂದೇ ದಾರಿ.

ಆದರೆ ಆ ಮಂಕು ಚಿಕ್ಕಿಗಳು! ಅವುಗಳಲ್ಲಿ ಕೆಲವನ್ನು ಬೇರೆ ಯಾರೂ ಕಂಡಿರಲಿಲ್ಲ. ಬರೆಯುವಾಗ, ಇವು ನನಗೊಬ್ಬನಿಗೇ ಮುಖ ತೋರಿಸಿವೆ ಎಂದು ಅವನ ಮೈ ಜುಮ್ಮೆಂದಿತ್ತು. ಅವನ್ನು ಕೈಯಾರೆ ಅಳಿಸುವುದು ಹೇಗೆ?

ಸೋವಕ್ಕ ನೀರಿಗೆ ಬಂದಳು. ಕೊಡ ಮುಳುಗಿಸುವ ಮೊದಲೇ ಕೇತ ಕೇಳಿದ.

"ಅಕ್ಕಾ, ನಿನಗ ಕಾಣೂ ಚಿಕ್ಕ್ಯಾಗ ಎಲ್ಲಾದಕ್ಕಿಂತ ಮಂಕು ಯಾವುದು?"

ಅವಳ ಮುಖ ಸಣ್ಣದಾಯಿತು. "ಅಣಕಸಾಕತ್ತೀಯೇನೋ?"

"ಇಲ್ಲಕ್ಕಾ. ನಿನ್ನಾಣಿ."

ಅವಳು ಯೋಚಿಸಿದಳು. "ವಸಿಷ್ಠನ ಮಗ್ಗಲಕ ಕೂತಾಳಲ್ಲ, ಅರುಂಧತಿ. ಆಕೀನ್ನ ಇನ್ನೂ ಹಿಡಿತೀನಿ. ಆಕೀ ಆಚೆ ನನಗ ಕತ್ತಲಿ."

"ಸಾಕು," ಎಂದ ಕೇತ.

"ಅಷ್ಟ ಸಾಕೇನೋ?"

"ಎಲ್ಲಾ ಕಡೆ ಅಷ್ಟ ಇದ್ರ ಸಾಕು."

ಆ ಸಂಜೆಯೇ ಅವನು ಎಲ್ಲರನ್ನೂ ಕರೆದು ಹೊಸ ಕಟ್ಟಳೆ ಹೇಳಿದ. ಅರುಂಧತಿಯೇ ಸಾಕ್ಷಿ. ಬರೆಯಲು ಕೂರುವ ಮೊದಲು ಪ್ರತಿಯೊಬ್ಬರೂ ಅವಳನ್ನು ಕಾಣಬೇಕು. ಅವಳು ಕಾಣದಂಥ ಮಂಜಿದ್ದರೆ ಚೌಕಟ್ಟು ಮುಟ್ಟಬಾರದು. ಅವಳು ಮುಳುಗಿರುವಾಗ ಪ್ರತಿ ದಿಕ್ಕಿಗೂ ಅವಳಿಗೆ ಸರಿಸಮನಾದ ಒಂದೊಂದು ಚಿಕ್ಕಿ ಗೊತ್ತುಮಾಡಿದ. ಸಾಕ್ಷಿಗಿಂತ ಮಂಕಾದದ್ದನ್ನು ಯಾರೂ ಬರೆಯುವಂತಿಲ್ಲ, ಕಂಡರೂ ಬರೆಯುವಂತಿಲ್ಲ.

ಕೊನೆಯ ಮಾತು ಹೇಳುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ.

ಮರುದಿನ ತನ್ನ ಚೌಕವನ್ನು ಹೊಳೆಗೆ ಒಯ್ದ. ನೀರಿನಲ್ಲಿ ಅದ್ದಿ ಉಜ್ಜಿದ. ಮಸಿ ಕರಗಿ ಕರಿ ಹೊಗೆಯಂತೆ ನೀರಿನಲ್ಲಿ ಹರಿದುಹೋಯಿತು. ಕೇತ ಅತ್ತ. ಇದರಲ್ಲಿ ಮುಚ್ಚಿಡುವಂಥದ್ದೇನಿದೆ? ಗಟ್ಟಿಯಾಗಿಯೇ ಅತ್ತ.

ಬಟ್ಟೆ ಒಣಗಿದ ಮೇಲೆ ಸಾಕ್ಷಿಯನ್ನು ಕಂಡು, ಬರೆಯಬೇಕಾದಷ್ಟನ್ನು ಮಾತ್ರ ಮತ್ತೆ ಬರೆದ.

ಚೌಕಗಳನ್ನು ಇನ್ನೊಮ್ಮೆ ಹಾಸಿದಾಗ ಯಾರೂ ಕಿಕ್ಕಿರಿಯಲಿಲ್ಲ. "ಅಯ್ಯ, ಎಂಥಾದನ್ನ ಕೆಡಿಸಿಕೊಂಡ," ಎಂದು ಹಿಂದಿನಿಂದ ಒಬ್ಬ ಪಿಸುಗುಟ್ಟಿದ.

ಅಜ್ಜಾರು ಇನ್ನೊಂದು ಸಾಸಿವೆ ಕಾಳನ್ನು ಸೋವಕ್ಕನ ಚೌಕದಲ್ಲಿಟ್ಟರು.

"ಇಲ್ಲಿ?"

"ಸಾಕ್ಷಿಗಿಂತ ಬೆಳಕಿದ್ರ, ಹೊಸಾದ್ರಿ," ಎಂದ ಕೇತ.

ಕಾಳು ಕೇತನ ಚೌಕಕ್ಕೆ ಬಂತು. "ಇಲ್ಲಿ?"

"ಅದ ಮಾತು ರೀ."

"ನಿನಗ ಜ್ವರ ಬಂದ್ರ?"

"ಬರ್ಲಿ ಬಿಡ್ರಿ. ಅಕ್ಕ ನಿಂತ್ರೂ ಅಷ್ಟ, ನಾ ನಿಂತ್ರೂ ಅಷ್ಟ. ನಾವೆಲ್ಲಾ ಹೋದ ಮ್ಯಾಲ ಇನ್ನೊಬ್ಬರು ನಿಂತ್ರೂ ಅಷ್ಟ."

ಸೋವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮುದ್ರಿ ಒತ್ತು," ಎಂದರು ಅಜ್ಜಾರು.

ಕೇತ ಮುದ್ರೆಯನ್ನು ಮಸಿಯಲ್ಲಿ ಅದ್ದಿ ಪಟ್ಟಿಯ ಮೂಲೆಗೆ ಒತ್ತಿದ. ಎದೆ ಮತ್ತೆ ಉಬ್ಬಿತು, ಉಬ್ಬಲಿ. ಈ ಸಲ ಅವನು ಯಾರು ನೋಡುತ್ತಿದ್ದಾರೆಂದು ಸುತ್ತ ನೋಡಲಿಲ್ಲ.

ಆದರೂ ಒಂದು ಕೊರಗು ಉಳಿದಿತ್ತು. ಎಲ್ಲರೂ ಹೊರಗೆ ಹೋದ ಮೇಲೆ ತನ್ನ ಚೌಕವನ್ನು ಎತ್ತಿ ಹಿಡಿದು ಅಳುಕುತ್ತ ಹೇಳಿದ.

"ಎಷ್ಟ ತೊಳದ್ರೂ ಬೂದು ಕಲಿ ಹೋಗಲಿಲ್ರಿ ಅಜ್ಜಾರ. ಇಷ್ಟು ಚೊಕ್ಕ ಪಟದಾಗ ಇದೊಂದ ಹೊಲಸ ಕಾಣತೈತಿ. ಹೊಸಾ ಬಟ್ಟಿ ತಗೊಂಡು ಬರೀಲೇನ್ರಿ?"

ಅಜ್ಜಾರು ಅವನ ಕೈ ಹಿಡಿದು ಹಳೆಯ ಪಟದ ಮುಂದೆ ಕರೆದೊಯ್ದರು. ಕೇತನ ಚೌಕವನ್ನು ತೆಗೆದುಕೊಂಡು ದಕ್ಷಿಣದ ಅಂಚಿನ ಆ ಬೂದು ಚೌಕದ ಪಕ್ಕಕ್ಕೆ ಹಿಡಿದರು.

ಎರಡೂ ಒಂದೇ ಬಣ್ಣ.

ಕೇತ ಹತ್ತಿರ ಬಾಗಿ ನೋಡಿದ. ಹಳೆಯ ಚೌಕದಲ್ಲಿ ಸ್ಪಷ್ಟವಾದ ಚುಕ್ಕೆಗಳ ನಡುವೆ, ತೊಳೆದರೂ ಪೂರ್ತಿ ಹೋಗದ ಚುಕ್ಕೆಗಳ ನೆರಳು. ಒಂದಲ್ಲ, ಎರಡಲ್ಲ. ಎಳ್ಳು ಚೆಲ್ಲಿದಷ್ಟು.

ತಾನು ಎಲ್ಲರೆದುರು ಆಡಿದ ಮಾತು ನೆನಪಾಗಿ ಅವನು ನಾಲಿಗೆ ಕಚ್ಚಿಕೊಂಡ.

"ಇದು ಯಾರು ಬರದದ್ರಿ ಅಜ್ಜಾರ?"

"ನಾನ."

ಅಜ್ಜಾರು ಬಟ್ಟೆಯನ್ನು ಮಡಚಿ ಅವನ ಕೈಗಿಟ್ಟರು. ಅವರ ಮುಖದಲ್ಲಿ ಅಂಥ ಹೆಮ್ಮೆಯನ್ನು ಕೇತ ಎಂದೂ ಕಂಡಿರಲಿಲ್ಲ.

"ಬಟ್ಟಿ ಬದಲಿ ಮಾಡಬ್ಯಾಡ, ಮಗನ. ತೊಳಿಯೂವಷ್ಟು ಕಂಡವ ಒಬ್ಬ ಬರ್ಲಿ ಅಂತ ನಾ ಇಷ್ಟ ವರ್ಷ ಕಾದೀನಿ."