ಹನ್ನೊಂದು ಸೆಕೆಂಡು

ಬೇರೆಯವರು ವಿದೇಶದಿಂದ ಚಾಕಲೇಟು ತರುತ್ತಾರೆ. ಗುರುಮಲ್ಲಪ್ಪ ಸಿಟ್ಟು ತಂದ.

ಹದಿನೆಂಟು ದಿನದ ಅಧ್ಯಯನ ಪ್ರವಾಸ. ಭಾಷೆ ಕಲಿಸುವ ಹನ್ನೆರಡು ಮಂದಿಯನ್ನು ಆರಿಸಿ, ಉತ್ತರದ ಒಂದು ಚಳಿ ದೇಶದ ಶಾಲೆಗಳನ್ನು ನೋಡಿ ಕಲಿತು ಬನ್ನಿ ಎಂದು ಕಳಿಸಿದ್ದರು. ಗುರುಮಲ್ಲಪ್ಪ ಕನ್ನಡ ಮೇಷ್ಟ್ರು, ಮೇಲಾಗಿ ಹೆಡ್‌ಮಾಸ್ತರ. ನೋಡಿದ, ಕಲಿತ, ಒಂದು ನೋಟ್‌ಬುಕ್ ತುಂಬ ಬರೆದುಕೊಂಡ.

ತಿರುಗಿ ಬಂದ ಮೂರನೆಯ ದಿನಕ್ಕೆ, ತನ್ನ ಶಾಲೆಯ ಅತಿಥಿ ಶಿಕ್ಷಕಿಯನ್ನು ಕೆಲಸದಿಂದ ತೆಗೆಯಬೇಕೆಂದು ಮೇಲಧಿಕಾರಿಗೆ ಕಾಗದ ಬರೆದ.

ಕಾಗದ ನಾಳೆ ಬೆಳಿಗ್ಗೆ ಕಚೇರಿ ಸೇರಬೇಕು. ಇವತ್ತು ಅದು ಅವನ ಚೀಲದಲ್ಲಿತ್ತು. ಹೊಳೆಯ ದಂಡೆಯ ಮನೆಯಲ್ಲಿ ಅವನ ಗುರುಗಳು ಮರಿಶಾಂತಯ್ಯನವರು ಇದ್ದರು. ದೊಡ್ಡ ಹೆಜ್ಜೆ ಇಡುವ ಮೊದಲು ಅವರ ಹತ್ತಿರ ಬಂದು ಕೇಳುವುದು ಅವನ ಪದ್ಧತಿ. ಈ ಸಲ ಕೇಳುವುದಕ್ಕಲ್ಲ, ತಿಳಿಸುವುದಕ್ಕೆ ಬಂದಿದ್ದ.

ಶಿಕ್ಷಕಿಯನ್ನೂ ಕರೆದುಕೊಂಡು ಬಂದಿದ್ದ. ದಾಕ್ಷಾಯಿಣಿ ಎಂದು ಹೆಸರು.

"ಅಯ್ಯನವರ ಎದುರಿಗೇ ಇತ್ಯರ್ಥ ಆಗಲಿ. ನಾಳೆ ಬೆನ್ನ ಹಿಂದೆ ಮಾಡಿದರು ಅನ್ನಬೇಡ" ಎಂದು ಹೇಳಿ ಅವಳನ್ನು ಹೊಂಗೆಮರದ ಕೆಳಗೆ ನಿಲ್ಲಿಸಿ, ತಾನು ಜಗಲಿ ಹತ್ತಿದ.

ಅಯ್ಯನವರು ಅವರೆಕಾಳು ಹಿದುಕುತ್ತಿದ್ದರು. ಚೆನ್ನಾಗಿ ನೆನೆದ ಕಾಳನ್ನು ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿದರೆ ಬೇಳೆ ಪುಳಕ್ಕನೆ ಹೊರಗೆ ಬರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ.

"ಬಂದೆಯಾ? ಕೂತುಕೋ. ಚಳಿ ಹೇಗಿತ್ತಪ್ಪ?"

"ಚಳಿ ಹಾಳಾಗಲಿ ಅಯ್ಯನವರೇ. ನನಗೆ ಮೈಯೆಲ್ಲ ಉರಿಯುತ್ತಿದೆ."

"ಅಷ್ಟು ದೂರ ಹೋಗಿ ಉರಿ ತಂದೆಯಾ? ಇಲ್ಲೇ ನಮ್ಮ ಒಲೆಯಲ್ಲಿ ಸಿಗುತ್ತಿತ್ತು. ಹೇಳು, ಏನು ಕಂಡೆ?"

"ಒಂದು ಕ್ಲಾಸು ಕಂಡೆ. ಅಷ್ಟು ಸಾಕು. ಇಂಗ್ರಿಡ್ ಅಂತ ಒಬ್ಬ ಟೀಚರಮ್ಮ, ನನ್ನದೇ ವಯಸ್ಸು. ನಾನು ಇಲ್ಲಿ ಕನ್ನಡ ಕಲಿಸುವ ಹಾಗೆ ಆಕೆ ಅಲ್ಲಿ ಅವರ ಮಾತು ಕಲಿಸುತ್ತಾಳೆ. ಮಕ್ಕಳಿಗೆ ಒಂದು ಕಥೆ ಓದಿದಳು. ಕಥೆಯಲ್ಲಿ ಒಂದು ನಾಯಿ, ಹೊಟ್ಟೆ ತುಂಬ ಅನ್ನ ಹಾಕುವ ಯಜಮಾನನನ್ನು ಬಿಟ್ಟು ಓಡಿಹೋಗುತ್ತದೆ. ಯಾಕೆ ಓಡಿಹೋಯಿತು ಅಂತ ಒಬ್ಬ ಹುಡುಗನನ್ನು ಕೇಳಿದಳು."

"ಹೂಂ."

"ಹುಡುಗ ಸುಮ್ಮನೆ ನಿಂತ. ಆಕೆಯೂ ಸುಮ್ಮನಾದಳು. ಬೈಯಲಿಲ್ಲ. ಪಕ್ಕದವನನ್ನು ಎಬ್ಬಿಸಲಿಲ್ಲ. ಸುಳಿವು ಕೊಡಲಿಲ್ಲ. ಕಿಟಕಿ ಹತ್ತಿರ ಹೋಗಿ ಕೈಕಟ್ಟಿ ನಿಂತುಬಿಟ್ಟಳು. ಒಂದು ಮಗುವೂ ಪಿಟಕ್ಕೆನ್ನಲಿಲ್ಲ. ನಾನು ಗೋಡೆ ಗಡಿಯಾರ ನೋಡಿದೆ. ಎಷ್ಟು ಹೊತ್ತು ಗೊತ್ತೇ? ಹನ್ನೊಂದು ಸೆಕೆಂಡು! ಇಗೋ, ಬರೆದುಕೊಂಡಿದ್ದೇನೆ."

ನೋಟ್‌ಬುಕ್ ತೆರೆದು ಹಿಡಿದ. 'ಹನ್ನೊಂದು' ಎಂದಿತ್ತು. ಕೆಳಗೆ ಎರಡು ಗೆರೆ.

"ಆಮೇಲೆ?"

"ಆಮೇಲೆ ಹುಡುಗ ಉತ್ತರ ಹೇಳಿದ."

"ಏನು ಹೇಳಿದ?"

ಗುರುಮಲ್ಲಪ್ಪನ ಕಿವಿಗೆ ಆ ಪ್ರಶ್ನೆ ಬೀಳಲಿಲ್ಲ. ಅವನ ಕಣ್ಣು ಹೊಂಗೆಮರದ ಕಡೆ ಹೋಗಿತ್ತು.

"ಅದನ್ನು ಕಣ್ಣಲ್ಲಿ ತುಂಬಿಕೊಂಡು ಬಂದೆ ಅಯ್ಯನವರೇ. ಬಂದು ಇವಳ ಕ್ಲಾಸಿನ ಬಾಗಿಲಲ್ಲಿ ನಿಂತೆ. ಇವಳು ಪಾಠ ಮಾಡುವ ಚೆಂದ ಕೇಳಿ. 'ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾ...?' ಅಂತ ರಾಗ ಎಳೆಯುತ್ತಾಳೆ. ಮೂವತ್ತಾರು ಮಕ್ಕಳು 'ನೇ' ಅಂತ ಕಿರುಚುತ್ತಾರೆ. 'ಪಶ್ಚಿಮದಲ್ಲಿ ಮುಳುಗುತ್ತಾ...?' ಮತ್ತೆ 'ನೇ'! ಆ 'ನೇ' ಒಂದೇ ಮಕ್ಕಳ ವಿದ್ಯೆ. ಬೆಲ್ಲದಚ್ಚು ಪೂರಾ ತಾನು ತಿಂದು, ಬೆರಳಿಗಂಟಿದ ಪುಡಿಯನ್ನು ಮಕ್ಕಳ ನಾಲಿಗೆಗೆ ಸವರಿ, ಹೊಟ್ಟೆ ತುಂಬಿತಾ ಅಂತ ಕೇಳುವುದು! ಇದು ಪಾಠವೇ? ಇದು ಮೋಸ."

ಅವನ ಕೊರಳ ನರ ಉಬ್ಬಿತ್ತು. ಅಯ್ಯನವರು ಒಂದು ಕಾಳು ಹಿದುಕಿದರು.

"ಕಲಿಸುವುದು ಅಂದರೆ ಏನು ಅಯ್ಯನವರೇ? ಕಾಯು...?"

ಅಯ್ಯನವರು ಬಾಯಿ ತೆರೆಯಲಿಲ್ಲ.

"...ವುದು! ಕಾಯುವುದು!" ಎಂದು ಗುರುಮಲ್ಲಪ್ಪನೇ ಮುಗಿಸಿದ.

"ಬೆರಳಿನ ಪುಡಿ ನನಗೂ ಸವರಿದೆಯಲ್ಲಪ್ಪ" ಎಂದರು ಅಯ್ಯನವರು.

ಗುರುಮಲ್ಲಪ್ಪನ ಮುಖ ಕೆಂಪಾಯಿತು. ಆದರೂ ಮಾತು ನಿಲ್ಲಲಿಲ್ಲ.

"ನಗಬೇಡಿ. ನಾನು ಹದಿನೆಂಟು ದಿನ ನಾಚಿಕೆಯಿಂದ ಸತ್ತಿದ್ದೇನೆ. ಇಂಥವರನ್ನು ಇಟ್ಟುಕೊಂಡು ಶಾಲೆ ನಡೆಸುವ ಬದಲು ಬಾಗಿಲು ಹಾಕುವುದು ಮೇಲು. ಕಾಗದ ಬರೆದಿದ್ದೇನೆ. ನಾಳೆ ಕೊಡುತ್ತೇನೆ."

"ಅವಳು ಯಾರ ಹತ್ತಿರ ಕಲಿತವಳು?"

"ನಮ್ಮ ಶಾಲೆಯಲ್ಲೇ."

"ಶಾಲೆಯನ್ನು ಕೇಳಲಿಲ್ಲ. ಯಾರ ಹತ್ತಿರ?"

ಗುರುಮಲ್ಲಪ್ಪ ಹೊಳೆ ನೋಡಿದ. "ಐದನೇ ಕ್ಲಾಸಿನಲ್ಲಿ ನನ್ನ ಹತ್ತಿರ. ಆಗ ನಾನೂ ಹಾಗೇ ಹೇಳಿಕೊಡುತ್ತಿದ್ದೆ ಅನ್ನಿ. ಆಗ ಯಾರು ಹೇಳಿಕೊಡುತ್ತಿರಲಿಲ್ಲ? ನಾನು ಬಿಟ್ಟೆ. ಅವಳು ಬಿಡಲಿಲ್ಲ."

"ಯಾವಾಗ ಬಿಟ್ಟೆ?"

"ಮೊನ್ನೆ."

ಅಯ್ಯನವರು ಇನ್ನೊಂದು ಕಾಳು ಹಿದುಕಿ, "ಏನು ಹೇಳಿದ?" ಎಂದರು.

"ಯಾರು?"

"ಆ ದೇಶದ ಹುಡುಗ. ಅನ್ನ ಹಾಕಿದವನನ್ನು ಬಿಟ್ಟು ನಾಯಿ ಯಾಕೆ ಓಡಿಹೋಯಿತಂತೆ?"

"ಅದು ಮುಖ್ಯ ಅಲ್ಲ ಅಯ್ಯನವರೇ."

"ನನಗೆ ಮುಖ್ಯ. ಆಗಲಿಂದ ನಾನು ಅದಕ್ಕೇ ಕಾಯುತ್ತಿದ್ದೇನೆ."

"ಅವರ ಭಾಷೆಯಲ್ಲಿ ಹೇಳಿದ."

"ನಿನ್ನ ಪಕ್ಕ ದುಭಾಷಿ ಇರಲಿಲ್ಲವೇ?"

"ಇದ್ದರು. ಕಿವಿಯಲ್ಲಿ ಹೇಳಿದರು. ಆದರೆ..."

"ಆದರೆ?"

"ಆಗ ನಾನು ಬರೆದುಕೊಳ್ಳುತ್ತಿದ್ದೆ."

"ಏನನ್ನು?"

ಗುರುಮಲ್ಲಪ್ಪನ ದನಿ ತಗ್ಗಿತು. "ಹನ್ನೊಂದು ಅಂತ."

ಅಯ್ಯನವರ ಕೈ ನಿಂತಿತು. ಆ ಮುಖದಲ್ಲಿ ಸಿಟ್ಟು ಕಂಡು ಗುರುಮಲ್ಲಪ್ಪನಿಗೆ ಎಷ್ಟೋ ವರ್ಷವಾಗಿತ್ತು. ಈಗ ಕಂಡ.

"ಮದುವೆ ಮನೆಗೆ ಹೋಗಿ ಚಪ್ಪರದ ಕಂಬ ಎಣಿಸಿಕೊಂಡು ಬಂದೆಯಲ್ಲೋ! ಹೆಣ್ಣು ಯಾರು ಗಂಡು ಯಾರು ಅಂದರೆ ಗೊತ್ತಿಲ್ಲ. ಆಕೆ ಅಷ್ಟು ಹೊತ್ತು ಕಾದದ್ದು ಗಡಿಯಾರದ ಮುಳ್ಳಿಗೋ, ಹುಡುಗನ ಮಾತಿಗೋ? ಸಮುದ್ರ ದಾಟಿ ಹೋದವನು ಒಂದು ಅಂಕಿ ತಂದೆ. ಆ ಅಂಕಿಯಲ್ಲಿ ಈಗ ಒಬ್ಬಳ ತಲೆ ಒಡೆಯಲು ಹೊರಟಿದ್ದೀಯೆ."

ಗುರುಮಲ್ಲಪ್ಪ ತಲೆ ತಗ್ಗಿಸಲಿಲ್ಲ. ಸಿಟ್ಟು ಅಷ್ಟು ಬೇಗ ಇಳಿಯುವ ಜಾತಿಯದಲ್ಲ.

"ಹಾಗಾದರೆ ಇವಳು ಮಾಡುವುದು ಸರಿಯೇ?"

"ಯಾಕೆ ಹಾಗೆ ಮಾಡುತ್ತೀ ಅಂತ ಅವಳನ್ನು ಕೇಳಿದೆಯಾ?"

"ಕೇಳದೇ ಇರುತ್ತೇನೆಯೇ? ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಕೇಳಿದೆ."

"ಏನಂದಳು?"

"ಏನನ್ನುತ್ತಾಳೆ? ಅಭ್ಯಾಸಬಲ. ಸೋಮಾರಿತನ."

"ಅದು ಅವಳು ಆಡಿದ ಮಾತೋ, ನೀನು ಆಡಿದ ಮಾತೋ?"

ಗುರುಮಲ್ಲಪ್ಪ ನೆನೆಸಿಕೊಂಡ. ಅವಳು ಬಾಯಿ ತೆರೆದದ್ದು ನಿಜ. ತುಟಿ ಅಲುಗಿದ್ದೂ ನಿಜ. ಮಾತು ಹೊರಡುವುದರೊಳಗೆ ತಾನೇ 'ಅಭ್ಯಾಸ ಆಗಿಹೋಗಿದೆ, ಅಲ್ಲವೇ?' ಎಂದು ಹಾಜರಿ ಪುಸ್ತಕವನ್ನು ಮೇಜಿಗೆ ಬಡಿದಿದ್ದ. ತುಟಿ ಮುಚ್ಚಿಕೊಂಡಿತ್ತು.

"ಕರೆ ಅವಳನ್ನು" ಎಂದರು ಅಯ್ಯನವರು. "ಕೇಳು. ಕೇಳಿ ಸುಮ್ಮನಿರು. ಬಾಯಿ ಆಡಿಸಬೇಕು ಅನ್ನಿಸಿದಾಗೆಲ್ಲ ಒಂದು ಕಾಳು ಹಿದುಕು."

ಒಂದು ಹಿಡಿ ಅವರೆಕಾಳು ತೆಗೆದು ಅವನ ಅಂಗೈಗೆ ಸುರಿದರು.

ದಾಕ್ಷಾಯಿಣಿ ಬಂದು ಜಗಲಿಯ ಕೆಳಗೆ ನಿಂತಳು. ಮೂವತ್ತು ದಾಟಿದ ಹೆಂಗಸು. ಸೆರಗು ಬಿಗಿಯಾಗಿ ಸಿಕ್ಕಿಸಿದ್ದಳು.

"ಯಾಕಮ್ಮ ಅರ್ಧ ಮಾತು ಬಿಟ್ಟು ಪಾಠ ಮಾಡುತ್ತೀ?" ಎಂದು ಗುರುಮಲ್ಲಪ್ಪ ಕೇಳಿದ.

ಅವಳು ಬಾಯಿ ತೆರೆದಳು. ತುಟಿ ಅಲುಗಿತು. ಮಾತು ಬರಲಿಲ್ಲ.

ಅವನು ಒಂದು ಕಾಳು ಹಿದುಕಿದ. ಬೇಳೆ ಜಜ್ಜಿಹೋಯಿತು.

ಅವಳ ಕಣ್ಣು ಒಮ್ಮೆ ಗಟ್ಟಿಯಾಗಿ ಮುಚ್ಚಿ ತೆರೆಯಿತು.

'ಹೇಳುವುದಕ್ಕೆ ಏನೂ ಇಲ್ಲ, ಅಲ್ಲವೇ?' ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಇನ್ನೊಂದು ಕಾಳು ಹಿದುಕಿದ. ಅದೂ ಜಜ್ಜಿತು.

ಹೊಳೆಯಲ್ಲಿ ಒಂದು ಹರಿಗೋಲು ಈ ದಡ ಬಿಟ್ಟದ್ದು ಆ ದಡ ಮುಟ್ಟಿತು. ಅಯ್ಯನವರು ತಲೆ ಎತ್ತಲಿಲ್ಲ. ಗುರುಮಲ್ಲಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ. ಆ ತುಟಿ ಹಾಗೆ ಅಲುಗುವುದನ್ನು ಹಿಂದೆ ಎಲ್ಲೋ ಕಂಡಿದ್ದೇನೆ ಅನ್ನಿಸಿತು. ಎರಡು ಜಡೆ. ಗೋಡೆ ಪಕ್ಕದ ಬೆಂಚು. ಎದ್ದು ನಿಲ್ಲುತ್ತಿದ್ದವಳು, ಒಂದೂ ಮಾತಾಡದೆ ಕೂರುತ್ತಿದ್ದವಳು. 'ಮೂಗಿ, ಕೂತುಕೋ' ಎಂದು ತಾನು ಅನ್ನುತ್ತಿದ್ದದ್ದು.

ಅವನ ಕೈ ಕಾಳು ಹಿದುಕುವುದನ್ನು ಮರೆಯಿತು.

"ಮ್... ಮೇಷ್ಟ್ರೇ" ಎಂದಳು ದಾಕ್ಷಾಯಿಣಿ. ಮೊದಲ ಮಾತು ಹೊರಬಿದ್ದ ಮೇಲೆ ಉಳಿದದ್ದು ಕಟ್ಟೆ ಒಡೆದ ಹಾಗೆ ಬಂತು. ಅದರಲ್ಲಿ ಬೇಡಿಕೆ ಇರಲಿಲ್ಲ, ಸಿಟ್ಟಿತ್ತು.

"ನನಗೆ ಮಾತು ತೊದಲುತ್ತಿತ್ತು. ಈಗಲೂ ಬಿಟ್ಟಿಲ್ಲ, ನೋಡಿದಿರಲ್ಲ. ಒಬ್ಬಳೇ ಎದ್ದು ನಿಂತರೆ ಗಂಟಲಿಗೆ ಬೀಗ. ನೀವು ಪಾಠ ಹೇಳುವಾಗ ಕೊನೆಯ ಅಕ್ಷರ ಬಿಡುತ್ತಿದ್ದಿರಿ. ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು. ಒಂದು ದಿನ ನಾನೂ ಹೇಳಿದೆ. ತೊದಲಲಿಲ್ಲ! ಎಲ್ಲರ ದನಿಯ ಸಂದಿಯಲ್ಲಿ ನನ್ನ ದನಿಯೂ ತೂರಿಕೊಂಡು ಹೋಯಿತು. ಶಾಲೆಯಲ್ಲಿ ನಾನು ಆಡಿದ ಮೊದಲ ಮಾತು ಅದು. ನಿಮಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು."

"ಈಗ ನನ್ನ ಕ್ಲಾಸಿನಲ್ಲಿ ಅಂಥವಳೇ ಒಬ್ಬಳು ಇದ್ದಾಳೆ. ಚಂದ್ರಕಲಾ. ಅವಳನ್ನು ಎಬ್ಬಿಸಿ ನಿಲ್ಲಿಸಿ, ಹನ್ನೊಂದು ಸೆಕೆಂಡು ಎಲ್ಲರೂ ಅವಳ ಬಾಯಿ ನೋಡುತ್ತಾ ಕೂತರೆ ಅವಳು ನಾಳೆಯಿಂದ ಶಾಲೆಗೇ ಬರುವುದಿಲ್ಲ. ಅದಕ್ಕೇ ಕೊನೆಯ ಅಕ್ಷರದಿಂದ ಶುರುಮಾಡಿದೆ. ಆಮೇಲೆ ಕೊನೆಯ ಪದ. ಈಗ ಅರ್ಧ ಸಾಲಿಗೆ ಬಂದಿದ್ದಾಳೆ. ಯುಗಾದಿ ಹೊತ್ತಿಗೆ ಇಡೀ ಸಾಲನ್ನು ಒಬ್ಬಳೇ ಹೇಳುತ್ತಾಳೆ. ಅಷ್ಟರಲ್ಲಿ ನೀವು ನನ್ನನ್ನು ತೆಗೆಯದಿದ್ದರೆ."

ಒಂದು ಉಸಿರು ಎಳೆದುಕೊಂಡಳು.

"ಉಳಿದ ಮೂವತ್ತೈದು ಮಕ್ಕಳಿಗೂ ಅದೇ ಸಾಕು ಅಂತ ಬಿಟ್ಟದ್ದು ನನ್ನ ತಪ್ಪು. ಅದನ್ನು ಬರೆಯಿರಿ. ರುಜು ಹಾಕುತ್ತೇನೆ. ಸೋಮಾರಿ ಅಂತ ಬರೆದರೆ ಹಾಕುವುದಿಲ್ಲ. ಅಲ್ಲಿ ಹದಿನೆಂಟು ದಿನ ನಿಂತು ನೋಡಿದಿರಿ. ಒಂಬತ್ತು ವರ್ಷದಿಂದ ನಿಮ್ಮ ಕೈಕೆಳಗೆ ಪಾಠ ಮಾಡುತ್ತಿದ್ದೇನೆ. ನನ್ನ ಬಾಗಿಲಲ್ಲಿ ಒಂದು ದಿನ, ಅದೂ ಮೊನ್ನೆ, ನಿಂತಿರಿ."

ಗುರುಮಲ್ಲಪ್ಪನಿಗೆ ಸಿಟ್ಟು ಇನ್ನೂ ಇತ್ತು. ಆದರೆ ಅದನ್ನು ಯಾರ ಮೇಲೆ ಇಳಿಸಬೇಕೆಂದು ತಿಳಿಯಲಿಲ್ಲ.

"ನನಗೆ ಗೊತ್ತಿರಲಿಲ್ಲ" ಎಂದ.

"ನೀವು ಕೇಳಲಿಲ್ಲ" ಎಂದಳು.

ಅವನು ಚೀಲಕ್ಕೆ ಕೈ ಹಾಕಿ ಕಾಗದ ತೆಗೆದ. ಅಯ್ಯನವರ ಮುಂದೆ ಇಟ್ಟ.

ಅಯ್ಯನವರು ಅದನ್ನು ಬಿಡಿಸಿದರು. ಓದಲಿಲ್ಲ. ಅವರೆಯ ಸಿಪ್ಪೆಯನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಅದರ ಮೇಲೆ ಸುರಿದರು. ಗುರುಮಲ್ಲಪ್ಪ ಜಜ್ಜಿದ ಎರಡು ಕಾಳನ್ನೂ ಹುಡುಕಿ ಹಾಕಿದರು.

"ತಗೋ ತಾಯಿ. ಸಿಪ್ಪೆ ಹಸುವಿಗೆ ಹಾಕು. ಕಾಗದ ಒಲೆಗೆ ಹಾಕು. ಊಟಕ್ಕೆ ಇಬ್ಬರೂ ಇಲ್ಲೇ ಇರಿ."

ದಾಕ್ಷಾಯಿಣಿ ಪೊಟ್ಟಣ ಹಿಡಿದು ಹಿತ್ತಿಲ ಕಡೆ ಹೋದಳು.

ಗುರುಮಲ್ಲಪ್ಪ ಅಂಗೈಯಲ್ಲಿ ಉಳಿದ ಕಾಳು ನೋಡುತ್ತಾ ಕೂತ. ಆಮೇಲೆ ಕೇಳಿದ.

"ಅಯ್ಯನವರೇ, ಹಾಗಾದರೆ ಯಾವುದು ಸರಿ? ಆಕೆಯದೋ, ಇವಳದೋ?"

ಅಯ್ಯನವರು ಪಕ್ಕದಲ್ಲಿ ಬಿದ್ದಿದ್ದ ನೋಟ್‌ಬುಕ್ ಎತ್ತಿಕೊಂಡರು. ಎರಡು ಗೆರೆ ಎಳೆದಿದ್ದ ಹಾಳೆಯನ್ನು ಹುಡುಕಿ, ಅವನ ತೊಡೆಯ ಮೇಲೆ ಇಟ್ಟು, ಪೆನ್ನು ಕೈಗೆ ಕೊಟ್ಟರು.

"ಇವಳು ಬಾಯಿ ಬಿಡುವುದಕ್ಕೆ ಎಷ್ಟು ಸೆಕೆಂಡು ಹಿಡಿಯಿತು ಗುರುಮಲ್ಲಪ್ಪ? ಅದನ್ನೂ ಬರೆದುಕೋ."