ಮರಳಿಸುವ ಷರತ್ತಿನ ನಾಯಿ

“ಅಜ್ಜಾರೆ, ನನ್ನ ಬದುಕಿಗೆ ಒಪ್ಪುವ ನೇಮ ಯಾವುದು?” ಎಂದು ಶಿಷ್ಯ ಅಡವಯ್ಯ ಕೇಳಿದ.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಹೊಸೆಯುವುದನ್ನು ನಿಲ್ಲಿಸದೆ, “ಈವರೆಗೆ ಯಾವ ಯಾವುದನ್ನು ಹಿಡಿದೆ?” ಎಂದರು.

“ಮೊದಲು ಜಪ ಹಿಡಿದೆ. ಬಾಯಿ ಜಪ ಮಾಡುತ್ತಿತ್ತು, ಮನಸ್ಸು ಊರು ತಿರುಗುತ್ತಿತ್ತು. ಬಿಟ್ಟೆ. ಮೌನ ಹಿಡಿದೆ. ಹೊರಗೆ ಸುಮ್ಮನಿದ್ದಷ್ಟೂ ಒಳಗೆ ಜಗಳ ಹೆಚ್ಚಾಯಿತು. ಬಿಟ್ಟೆ. ಸೋಮವಾರದ ಉಪವಾಸ ಹಿಡಿದೆ. ಭಾನುವಾರದಿಂದಲೇ ಹಸಿವಾಗತೊಡಗಿತು. ಅದನ್ನೂ ಬಿಟ್ಟೆ. ಒಂದೂ ನನ್ನನ್ನು ಕಾಯಲಿಲ್ಲ ಅಜ್ಜಾರೆ. ಸಿಟ್ಟು ಬರುವಾಗ ಬಂತು, ಆಸೆ ಬರುವಾಗ ಬಂತು. ಹೊಳೆಯಾಚೆಯ ಮಠದಲ್ಲಿ ಬೇರೊಂದು ನೇಮ ಕೊಡುತ್ತಾರಂತೆ. ಹೋಗಲೋ ಬೇಡವೋ ತಿಳಿಯದು. ತಲೆ ಕೆಟ್ಟು ಮೊಸರು ಗಡಿಗೆಯಾಗಿದೆ.”

“ಕೂತುಕೋ,” ಎಂದರು ಗುರುಗಳು. “ಒಬ್ಬ ವ್ಯಾಪಾರಿಗೆ ಒಂದು ನಾಯಿ ಬೇಕಾಗಿತ್ತು.”

ಆ ವ್ಯಾಪಾರಿ ಬಟ್ಟೆ ಮಾರುವವನು. ಅವನಿಗೆ ಅಂಗಡಿ ಇರಲಿಲ್ಲ, ಸಂತೆಗಳೇ ಅಂಗಡಿ. ದಿನಕ್ಕೊಂದು ಊರಿನ ಸಂತೆ. ಸೋಮವಾರ ಬೆಳಗ್ಗೆ ಗಾಡಿಯಲ್ಲಿ ಗಂಟು ಹೇರಿಕೊಂಡು ಹೊರಟರೆ ಶನಿವಾರ ದೀಪ ಹಚ್ಚುವ ಹೊತ್ತಿಗೆ ಮನೆ. ಭಾನುವಾರ ಉಣ್ಣುವುದು, ಮಲಗುವುದು, ಗಂಟು ಕಟ್ಟುವುದು. ಮರುದಿನ ಮತ್ತೆ ಗಾಡಿ. ಮನೆಯಲ್ಲಿ ಇರುವವಳು ಹೆಂಡತಿ ಒಬ್ಬಳೇ. ಮನೆ ಊರಿನ ಕಟ್ಟಕಡೆಯ ಓಣಿಯಲ್ಲಿ. ಅದರಾಚೆ ಹೊಲ.

ಒಂದು ಬೇಸಿಗೆಯಲ್ಲಿ ಆ ಓಣಿಗೆ ಕಳ್ಳರು ಬಂದರು. ಪಕ್ಕದ ಮನೆಯ ಹಿತ್ತಲ ಬಾಗಿಲು ಮುರಿದು ಪಾತ್ರೆ ಪಡಗ ಹೊತ್ತೊಯ್ದರು. ಅಡ್ಡ ಬಂದ ಮುದುಕಿಯ ಕೈ ಮುರಿದರು. ಆ ಶನಿವಾರ ವ್ಯಾಪಾರಿ ಮನೆಗೆ ಬಂದಾಗ ಹೆಂಡತಿ ಕಾಲಿಗೆ ನೀರು ಕೊಟ್ಟಳು, ಊಟಕ್ಕೆ ಬಡಿಸಿದಳು. ಅವನು ಉಂಡು ಕೈ ತೊಳೆದ ಮೇಲೆ ಹೇಳಿದಳು:

“ದೀಪಾವಳಿಯವರೆಗೆ ನೋಡುತ್ತೇನೆ. ಅಷ್ಟರೊಳಗೆ ಈ ಮನೆಗೆ ಒಂದು ಕಾವಲು ಆಗಬೇಕು. ಆಗದಿದ್ದರೆ ಹಬ್ಬಕ್ಕೆಂದು ತವರಿಗೆ ಹೋದವಳು ಅಲ್ಲೇ ಉಳಿಯುತ್ತೇನೆ.”

“ಕಾವಲು ಎಂದರೆ ಎಂಥದ್ದು?”

“ಅದನ್ನೂ ನಾನೇ ಹೇಳಬೇಕೇನ್ರೀ? ಹತ್ತೂರು ತಿರುಗುವವರು ನೀವು.”

ವ್ಯಾಪಾರಿ ಹೆದರಿದ. ಅವಳು ಕೂಗಾಡಿದ್ದರೆ ಹೆದರುತ್ತಿರಲಿಲ್ಲ. ಮೆಲ್ಲಗೆ ಹೇಳಿದ್ದಳು. ಮನೆಗೆ ಹೋದರೆ ಕದ ತೆರೆಯುವವರಿಲ್ಲದ ಗಂಡಸರನ್ನು ಅವನು ಸಂತೆಗಳಲ್ಲಿ ಕಂಡಿದ್ದ. ಸಂತೆ ಮುಗಿದ ಮೇಲೂ ಅವರು ಗುಡಾರ ಬಿಚ್ಚಲು ತಡಮಾಡುತ್ತಿದ್ದರು.

ಒಂದು ಒಳ್ಳೆಯ ನಾಯಿ ತಂದರಾಯಿತು ಎಂದುಕೊಂಡ. ನಿಷ್ಠೆ ಇರಬೇಕು, ಕಾಯಬೇಕು, ತನ್ನ ಬದುಕಿಗೆ ಒಪ್ಪಬೇಕು. ಅಂಥದ್ದು ಯಾವುದು?

ಸಂತೆಯ ಜೊತೆಗಾರರನ್ನು ಕೇಳಿದ. ಗೊಂದಲ ಶುರುವಾದದ್ದೇ ಅಲ್ಲಿಂದ. ಬೇಟೆ ನಾಯಿಯೇ ನಾಯಿ, ಉಳಿದವೆಲ್ಲ ಬರೀ ಬಾಲ ಎಂದ ಮೆಣಸಿನಕಾಯಿ ಮಾರುವವನು. ಬೇಟೆ ನಾಯಿ ಬೊಗಳುವುದಿಲ್ಲ, ಬಾಯಿಲ್ಲದ ಕಾವಲುಗಾರ ಇದ್ದರೆಷ್ಟು ಬಿಟ್ಟರೆಷ್ಟು, ಕುರಿಗಾರರ ನಾಯಿ ತಾ ಎಂದ ಪಾತ್ರೆಯವನು. ಕಪ್ಪು ನಾಯಿ ಆಗಬೇಕು, ಕತ್ತಲಲ್ಲಿ ಕಳ್ಳನಿಗೆ ಕಾಣುವುದಿಲ್ಲ ಎಂದ ಬಳೆಗಾರ. ಕಾಣದಿದ್ದರೆ ಕಳ್ಳ ಹೆದರುವುದು ಹೇಗೆ ಎಂದ ಬೆಲ್ಲದವನು. ಗಂಡು ತಂದರೆ ಊರ ಮೇಲೆ ಹೋಗುತ್ತದೆ, ಹೆಣ್ಣು ತಂದರೆ ಊರೇ ಮನೆ ಮುಂದೆ ಬರುತ್ತದೆ ಎಂದರು. ಮರಿ ತಂದರೆ ನೀನೇ ಅದನ್ನು ಕಾಯಬೇಕು, ಬೆಳೆದದ್ದು ತಂದರೆ ಹಳೆಯ ಮನೆಗೆ ಓಡುತ್ತದೆ ಎಂದರು. ಹೇಳಿದವರೆಲ್ಲ ನಂಬಿಕಸ್ಥರು. ಒಬ್ಬೊಬ್ಬರ ಮಾತೂ ಕೇಳುವಾಗ ಸರಿ. ಎರಡನ್ನು ಒಟ್ಟಿಗೆ ಇಟ್ಟರೆ ಎರಡೂ ತಪ್ಪು.

ಕೊನೆಗೆ ಅವನಿಗೆ ರೇಗಿತು. “ಇಷ್ಟೆಲ್ಲ ಹೇಳುತ್ತೀಯಲ್ಲ, ನಿನ್ನ ಮನೆಯಲ್ಲಿ ಯಾವ ನಾಯಿ ಇದೆಯಪ್ಪಾ?” ಎಂದು ಮೆಣಸಿನಕಾಯಿಯವನನ್ನು ಕೇಳಿದ.

“ನಮ್ಮ ಮನೆಗೆ ನಾಯಿ ಯಾಕೆ? ನಮ್ಮವ್ವ ಇದ್ದಾಳೆ,” ಎಂದ ಅವನು.

ಬಟ್ಟೆಯ ವ್ಯಾಪಾರದಲ್ಲಿ ಒಂದು ಪದ್ಧತಿ ಇತ್ತು. ಮದುವೆ ಮನೆಯವರು ಸೀರೆಯ ಗಂಟನ್ನೇ ತಮ್ಮ ಮನೆಗೆ ಒಯ್ಯುತ್ತಿದ್ದರು. ಹೆಂಗಸರು ಅವನ್ನು ಬೆಳಕಿಗೆ ಹಿಡಿದು, ಹೆಗಲ ಮೇಲೆ ಹಾಕಿ ನೋಡಿ, ಒಪ್ಪಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಮುಂದಿನ ಸಂತೆಗೆ ಮರಳಿಸುತ್ತಿದ್ದರು. ಸೆರಗಿನ ಅಂಚಿಗೆ ಅರಿಸಿನ ಹಚ್ಚಬಾರದು, ಇದೊಂದೇ ಷರತ್ತು. ಅರಿಸಿನ ಹಚ್ಚಿದ ಸೀರೆ ಹಚ್ಚಿದವರದು. ವ್ಯಾಪಾರಿ ಹುಟ್ಟಿದಾಗಿನಿಂದ ನೋಡಿದ್ದು ಇದನ್ನೇ. ತಿಳಿಯದ ಸರಕನ್ನು ಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಅವನಿಗೆ ಗೊತ್ತಿರಲಿಲ್ಲ. ನಾಯಿಯನ್ನೂ ಹೀಗೆಯೇ ತರುವುದೆಂದು ನಿಶ್ಚಯಿಸಿದ.

“ಒಪ್ಪಿದರೆ ಇಟ್ಟುಕೊಳ್ಳೋಣ, ಒಪ್ಪದಿದ್ದರೆ ಮರಳಿಸೋಣ,” ಎಂದು ಹೆಂಡತಿಗೆ ಹೇಳಿದ. “ಒಂದು ಮಾತು. ಹೆಸರು ಮಾತ್ರ ಇಡಬೇಡ. ಅರಿಸಿನ ಹಚ್ಚಿದ ಹಾಗಾಗುತ್ತದೆ.”

ಮೊದಲು ಬಂದದ್ದು ದೊಡ್ಡ ಮನೆತನವೊಂದರ ಬೇಟೆ ನಾಯಿ. ಉದ್ದ ಕಾಲು, ಸಣ್ಣ ನಡು, ಯಾರ ಕಡೆಗೂ ನೋಡದ ಮುಖ. ಇದರ ಓಟ ನೋಡಬೇಕು ಎಂದು ಕೊಟ್ಟವರು ಹೇಳಿದ್ದರು. ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುವಷ್ಟು ಜಾಗ. ಅಲ್ಲಿ ಎಲ್ಲಿಗೆ ಓಡಬೇಕು? ನಾಯಿ ಗೋಡೆ ಹಾರಿ ಓಡಿತು. ಓಣಿಯ ಕೋಳಿಗಳನ್ನು ಒಂದೊಂದಾಗಿ ಹಿಡಿದು ತಂದು ಹೆಂಡತಿಯ ಕಾಲ ಬಳಿ ಇಟ್ಟಿತು. ಶನಿವಾರ ವ್ಯಾಪಾರಿ ಬಂದಾಗ ಬಾಗಿಲ ತುಂಬ ನೆರೆಯವರು.

“ನಿಷ್ಠೆಯೇನೋ ಇದೆ,” ಎಂದಳು ಹೆಂಡತಿ. “ತಾನು ಒಂದನ್ನೂ ತಿನ್ನಲಿಲ್ಲ. ಎಲ್ಲ ನನಗೇ ತಂದುಕೊಟ್ಟಿತು.”

ಅದನ್ನು ಮರಳಿಸಿದ.

ಆಮೇಲೆ ಬಂದದ್ದು ಕುರಿಗಾರರ ನಾಯಿ. ಚದುರಿದ್ದನ್ನು ಕೂಡಿಸುತ್ತದೆ, ಕೂಡಿದ್ದನ್ನು ಬಿಡುವುದಿಲ್ಲ ಎಂದು ಅವರು ಹೇಳಿದ್ದರು. ಸುಳ್ಳು ಹೇಳಿರಲಿಲ್ಲ. ಮನೆಯಲ್ಲಿ ಕುರಿ ಇರಲಿಲ್ಲ, ಹೆಂಡತಿ ಇದ್ದಳು. ಅವಳು ಕೊಡ ಹಿಡಿದು ಬಾವಿಗೆ ಹೊರಟರೆ ಸೆರಗು ಕಚ್ಚಿ ಒಳಗೆ ಎಳೆದು ತಂದಿತು. ಮಧ್ಯಾಹ್ನ ಮಾತಿಗೆಂದು ಬಂದ ಹೆಂಗಸರನ್ನು ಒಂದು ಮೂಲೆಗೆ ಒತ್ತರಿಸಿ ಬಾಗಿಲಿಗೆ ಅಡ್ಡ ಮಲಗಿತು. ಒಲೆ ಹತ್ತದ ಮನೆಗಳ ಗಂಡಸರು ಹುಡುಕಿಕೊಂಡು ಬಂದರೆ ಅವರನ್ನೂ ಅದೇ ಮೂಲೆಗೆ ಸೇರಿಸಿತು.

“ಇದು ನನಗೆ ಕಾವಲೋ, ನನ್ನ ಮೇಲೆ ಕಾವಲೋ, ನೀವೇ ಹೇಳಿ,” ಎಂದಳು ಹೆಂಡತಿ.

ಅದನ್ನೂ ಮರಳಿಸಿದ.

ಈಗ ವ್ಯಾಪಾರಿಗೆ ಏನೂ ತಿಳಿಯದಾಯಿತು. ಹೊರಗೆ ಓಡಿದ್ದು ತಪ್ಪಾಯಿತು. ಒಳಗೆ ಕೂಡಿಹಾಕಿದ್ದೂ ತಪ್ಪಾಯಿತು. ಇವೆರಡರ ನಡುವೆ ಒಂದು ನಾಯಿ ಇರಲೇಬೇಕಲ್ಲ? ಸಂತೆಯಲ್ಲಿ ಗಿರಾಕಿ ಕೆಂಪು ಕೇಳಿದರೆ ಹಸಿರು ಹರಿದು ಕೊಟ್ಟ. ಗಾಡಿ ಹೊಡೆಯುವಾಗ ದಾರಿಯ ನಾಯಿಗಳನ್ನೆಲ್ಲ ತಿರುಗಿ ತಿರುಗಿ ನೋಡಿದ. ಮಳೆಗಾಲ ಮುಗಿದಿತ್ತು. ದೀಪಾವಳಿ ಹತ್ತಿರ ಬರುತ್ತಿತ್ತು. ಹೆಂಡತಿ ಟ್ರಂಕಿನ ಧೂಳು ಒರೆಸಿ ಹೊರಗಿಟ್ಟಿದ್ದಳು.

ಮೂರನೆಯದು ಕೋಟೆಯಂಥ ದೊಡ್ಡ ಮನೆ, ಹಳೆಯ ವಾಡೆಯೊಂದರ ಕಾವಲು ನಾಯಿ. ವಾಡೆ ಪರರ ಕೈ ಸೇರಿತ್ತು, ನಾಯಿ ಉಳಿದಿತ್ತು. ಅಲ್ಲಿದ್ದವನು ಹಗ್ಗ ಕೈಗೆ ಕೊಡುತ್ತ, “ಇದಕ್ಕೆ ಅನ್ನ ಹಾಕುವವರು ಯಾರು?” ಎಂದು ಕೇಳಿದ.

“ಮನೆಯಲ್ಲಿ ಹಾಕುತ್ತಾರೆ,” ಎಂದ ವ್ಯಾಪಾರಿ. ಗಾಡಿ ಹೊರಡಲು ಹೊತ್ತಾಗಿತ್ತು.

ಈ ನಾಯಿಯ ಮೇಲೆ ದೂರು ಬರಲಿಲ್ಲ. ಒಂದು ಶನಿವಾರ ಹೋಯಿತು, ಇನ್ನೊಂದು ಹೋಯಿತು. ಕೇಳಿದರೆ ಹೆಂಡತಿ, “ಇದೆ, ಇರಲಿ,” ಎನ್ನುತ್ತಿದ್ದಳು. ವ್ಯಾಪಾರಿ ಬರುವ ಹೊತ್ತಿಗೆ ಅದನ್ನು ಹಿತ್ತಲಲ್ಲಿ ಕಟ್ಟಿರುತ್ತಿದ್ದಳು, ಹೋದ ಮೇಲೆ ಬಿಚ್ಚುತ್ತಿದ್ದಳು. ದಣಿದು ಬಂದವನಿಗೆ ಮಲಗಿದರೆ ಸಾಕಾಗಿರುತ್ತಿತ್ತು. ಅವನು ನಾಯಿಯ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ನಾಯಿಗೆ ಅವನ ಗೊರಕೆಯಷ್ಟೇ ಗೊತ್ತು.

ದೂರಿಲ್ಲದ ಸರಕಿನ ಮೇಲೆ ವ್ಯಾಪಾರಿಗೆ ಯಾವಾಗಲೂ ಅನುಮಾನ. ಕಚ್ಚದ, ಬೊಗಳದ, ತಂಟೆ ಮಾಡದ ನಾಯಿ ಕಾವಲು ನಾಯಿ ಹೇಗಾದೀತು? ಹೆಂಡತಿಗೆ ತವರಿಗೆ ಹೋಗುವ ಮನಸ್ಸಿದೆ, ಅದಕ್ಕೇ ಸುಮ್ಮನಿದ್ದಾಳೆಯೇ? ಇನ್ನು ಬೇರೆಯವರ ಮಾತು ಬೇಡ, ತಾನೇ ಪರೀಕ್ಷೆ ಮಾಡಬೇಕು ಎಂದು ತೀರ್ಮಾನಿಸಿದ.

ಹಬ್ಬದ ಹಿಂದಿನ ವಾರ ಒಂದು ಸಂತೆಯನ್ನು ಅರ್ಧಕ್ಕೇ ಬಿಟ್ಟ. ಗಾಡಿಯನ್ನು ಊರ ಹೊರಗೆ ನಿಲ್ಲಿಸಿದ. ತಲೆಯಿಂದ ಕಾಲವರೆಗೆ ಕಂಬಳಿ ಹೊದ್ದು, ಮುಸ್ಸಂಜೆಯಲ್ಲಿ ತನ್ನ ಮನೆಯ ಹಿತ್ತಲ ಗೋಡೆ ಹತ್ತಿದ. ಒಂದು ಕಾಲು ಒಳಗೆ ಇಳಿಬಿಟ್ಟಾಗ ಅವನಿಗೆ ಒಂದು ಯೋಚನೆ ಬಂತು. ನಾಯಿ ಕಚ್ಚಿದರೆ ಅದು ಯಜಮಾನನ ಗುರುತಿಲ್ಲದ ನಾಯಿ. ಕಚ್ಚದಿದ್ದರೆ ಕಳ್ಳನನ್ನು ಬಿಡುವ ನಾಯಿ. ಹಾಗಾದರೆ ಏನು ಮಾಡಿದರೆ ಇಟ್ಟುಕೊಳ್ಳಬೇಕು? ಇದನ್ನು ಗಾಡಿಯಲ್ಲಿ ಬರುವಾಗ ಯೋಚಿಸಬೇಕಾಗಿತ್ತು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಅಲ್ಲಿಯೇ ಕುಳಿತು ಲೆಕ್ಕ ಹಾಕಿದ.

ನಾಯಿ ಅವನ ಲೆಕ್ಕ ಮುಗಿಯುವವರೆಗೆ ಕಾಯಲಿಲ್ಲ. ಒಳಗಿದ್ದ ಕಾಲನ್ನು ಹಿಡಿಯಿತು.

ಕೂಗು ಕೇಳಿ ಹೆಂಡತಿ ದೀಪ ಹಿಡಿದು ಹೊರಗೆ ಬಂದಳು. ವ್ಯಾಪಾರಿ ಮುಖದ ಮೇಲಿನ ಕಂಬಳಿ ಎಳೆದು ಹಾಕಿದ.

“ನಾನು ಕಣೇ, ನಾನು.”

“ನನಗೆ ಗೊತ್ತು. ಅದಕ್ಕೆ ಗೊತ್ತಿಲ್ಲ,” ಎಂದಳು ಹೆಂಡತಿ. ಆಮೇಲೆ ನಾಯಿಯ ಕಡೆಗೆ ತಿರುಗಿ, “ಬಂಟ, ಬಿಡು,” ಎಂದಳು.

ನಾಯಿ ಬಿಟ್ಟಿತು. ಬಿಟ್ಟು, ಅವರಿಬ್ಬರ ನಡುವೆ ಬಂದು ಕುಳಿತಿತು.

“ಹೆಸರಿಟ್ಟೆಯಾ?”

“ಇಟ್ಟೆ.”

“ಹಾಗಾದರೆ ಇನ್ನು ಮರಳಿಸಲು ಬರುವುದಿಲ್ಲ.”

“ಬರುವುದಿಲ್ಲ. ನಾನೂ ತವರಿಗೆ ಹೋಗುವುದಿಲ್ಲ. ನಾನು ಕೇಳಿದ್ದನ್ನು ನೀವು ನಡೆಸಿದಿರಿ, ಮನೆಗೆ ಕಾವಲು ಆಯಿತು. ಟ್ರಂಕನ್ನು ಒಳಗಿಡಿ ಎನ್ನೋಣವೆಂದರೆ ನೀವು ಒಳಗೆ ಬರುವ ಹಾಗಿಲ್ಲ.”

ವ್ಯಾಪಾರಿಗೆ ಸಂತೋಷವಾಗಬೇಕಾಗಿತ್ತು. ಕೇಳಿದ್ದೆಲ್ಲ ಸಿಕ್ಕಿತ್ತು. ನಾಯಿಗೆ ನಿಷ್ಠೆ ಇತ್ತು, ಕಾಯುವುದು ಗೊತ್ತಿತ್ತು, ಹೆಂಡತಿ ಮನೆಯಲ್ಲಿ ಉಳಿದಳು. ಆದರೂ ಅವನು ಗೋಡೆಯಿಂದ ಆಚೆಗೆ ಇಳಿದು, ತನ್ನ ಮನೆಯ ಹೊರಗೆ, ರಕ್ತ ಬರುವ ಕಾಲು ಹಿಡಿದುಕೊಂಡು ಕುಳಿತಿದ್ದ. ಹೆಂಡತಿ ಹಿತ್ತಲ ಬಾಗಿಲು ತೆರೆದು ಬಂದು ಗಾಯ ತೊಳೆದು ಅರಿವೆ ಕಟ್ಟಿದಳು. ಅವಳ ಹಿಂದೆಯೇ ಬಂದ ನಾಯಿ ಅವನ ಕೈಯನ್ನೇ ನೋಡುತ್ತಿತ್ತು.

“ಇದು ನನ್ನ ಮನೆ ಎಂದು ಇದಕ್ಕೆ ಹೇಗೆ ತಿಳಿಸಲಿ?” ಎಂದು ಕೇಳಿದ.

“ಅದರ ಎದುರಿಗೆ ದಿನಾ ಕೂತರೆ ತಾನೇ ತಿಳಿಯುತ್ತದೆ. ಮೊದಲು ನನ್ನನ್ನೂ ಹತ್ತಿರ ಬಿಟ್ಟಿರಲಿಲ್ಲ. ರೊಟ್ಟಿ ಮುಂದಿಟ್ಟುಕೊಂಡು ನಾನೂ ಹೀಗೇ ಕೂತಿದ್ದೆ.”

“ದಿನಾ ಕೂರುವುದು ಹೇಗೆ? ಸೋಮವಾರ ಸಂತೆ ಇದೆಯಲ್ಲ.”

“ಹೌದು, ಸಂತೆ ಇದೆ,” ಎಂದಳು ಹೆಂಡತಿ. ದೀಪ ತೆಗೆದುಕೊಂಡು ಒಳಗೆ ಹೋದಳು. ನಾಯಿಯೂ ಅವಳ ಹಿಂದೆ ಹೋಯಿತು.

ಸೋಮವಾರ ವ್ಯಾಪಾರಿ ಕುಂಟುತ್ತ ಗಾಡಿ ಹೂಡಿದ. ಮೊದಲ ಸಂತೆಯಲ್ಲಿಯೇ ಮೆಣಸಿನಕಾಯಿಯವನ ಪಕ್ಕ ಗಂಟು ಬಿಚ್ಚಿದ. ಗಿರಾಕಿ ಇಲ್ಲದ ಹೊತ್ತು ನೋಡಿ ಮೆಲ್ಲಗೆ ಕೇಳಿದ: “ಅಪರೂಪಕ್ಕೆ ಮನೆಗೆ ಬರುವವನನ್ನೂ ಯಜಮಾನ ಎಂದು ಗುರುತಿಸುವ ನಾಯಿ ಯಾವುದಾದರೂ ಇದೆಯೇನಪ್ಪಾ?”

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಇನ್ನೊಂದು ಎಳೆ ಹತ್ತಿ ಎಳೆದುಕೊಂಡರು.

ಅಡವಯ್ಯ ಕಾದ. ಕತೆ ಮುಂದೆ ಹೋಗಲಿಲ್ಲ.

“ಇದೆ ಅಂದನೇ ಅವನು? ಸಿಕ್ಕಿತೇ ಅಂಥ ನಾಯಿ?” ಎಂದು ಕೇಳಿದ. “ಅದು ಕಚ್ಚಿದ್ದು ಸರಿಯೋ ತಪ್ಪೋ, ಅದೇ ನನಗೆ ತಿಳಿಯಲಿಲ್ಲ ಅಜ್ಜಾರೆ. ಅಲ್ಲ, ಈಗ ನಾನು ಹೊಳೆಯಾಚೆಗೆ ಹೋಗಲೋ, ಬೇಡವೋ?”

ಗುರುಗಳು ಹೊಸೆದ ಬತ್ತಿಯನ್ನು ಕೆಳಗಿಟ್ಟು ಅವನ ಮುಖ ನೋಡಿದರು.

“ಅಡವಯ್ಯ, ಊರು ತಿರುಗುವ ನಿನ್ನ ಮನಸ್ಸು ಮನೆಯಲ್ಲಿರುವ ದಿನ ಯಾವುದು?”