ಹೆಗಲು ತೇಯ್ದುಕೊಂಡ ಕ್ಯಾಸೆಟ್

ರಿಪೇರಿ ಅಂಗಡಿಯ ಕಪಾಟಿನಲ್ಲಿ ಹೆಸರಿನ ಚೀಟಿ ಕಿತ್ತುಹೋದ ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ ಒಂದಿತ್ತು. ತನ್ನನ್ನು ಯಾವ ಗೇಮ್ ಪೆಟ್ಟಿಗೆಗಾಗಿ ಮಾಡಿದ್ದಾರೆಂಬುದು ಅದಕ್ಕೇ ತಿಳಿದಿರಲಿಲ್ಲ. ಪಕ್ಕದಲ್ಲಿದ್ದ ಕಪ್ಪು ಗೇಮ್ ಪೆಟ್ಟಿಗೆಯನ್ನು ಅದು ಕೇಳಿತು: "ಅಣ್ಣಾ, ನಾನು ನಿನ್ನವನೇ ಇರಬಹುದೇ?"

"ನನ್ನ ಬಾಯಿಗಿಂತ ನಿನ್ನ ಹೆಗಲು ಅಗಲ," ಎಂದಿತು ಪೆಟ್ಟಿಗೆ. "ತೇಯ್ದುಕೊಂಡು ಬಾ, ಸೇರಿಸಿಕೊಳ್ಳುತ್ತೇನೆ."

ಮೇಜಿನ ಮೇಲಿದ್ದ ಸ್ಕ್ರೂಡ್ರೈವರ್‌ಗೆ ಸುಮ್ಮನಿರಲಾಗಲಿಲ್ಲ. "ಹೆಗಲು ಹಾಗಿರಲಿ, ಕರೆಂಟು ಹಿಡಿಯುವ ನಿನ್ನ ತಾಮ್ರದ ಹಲ್ಲುಗಳೇ ಅದಕ್ಕೆ ಹೊಂದುವುದಿಲ್ಲ. ತಾಳು, ನಿನಗೆ ತಕ್ಕದ್ದು ಎಂದಾದರೂ ಬಂದೀತು."

"ಎಷ್ಟು ಅಂತ ಕಾಯಲಿ? ಒಂಟಿಯಾಗಿ ಧೂಳು ತಿಂದು ಸಾಕಾಗಿದೆ," ಎಂದ ಕ್ಯಾಸೆಟ್ ಕಪಾಟಿನ ಕಬ್ಬಿಣದ ಅಂಚಿಗೆ ಎರಡೂ ಹೆಗಲನ್ನು ಉಜ್ಜಿ ಉಜ್ಜಿ ಸವೆಸಿಕೊಂಡಿತು. ನೋವು ನುಂಗಿಕೊಂಡು ಕಪ್ಪು ಪೆಟ್ಟಿಗೆಯೊಳಗೆ ಇಳಿಯಿತು. ಪೆಟ್ಟಿಗೆ ಗತ್ತಿನಿಂದ ತನ್ನ ಸ್ವಿಚ್ ಒತ್ತಿಕೊಂಡಿತು. ಹರಿಯಬಾರದ ಹಲ್ಲಿಗೆ ಕರೆಂಟು ಹರಿದು, ಕ್ಯಾಸೆಟ್ಟಿನೊಳಗೆ ಆಟವನ್ನು ತುಂಬಿಟ್ಟಿದ್ದ ಚಿಪ್ ಸುಟ್ಟುಹೋಯಿತು.

"ನಿನ್ನೊಳಗೆ ಏನೂ ಇರಲೇ ಇಲ್ಲ," ಎಂದು ಪೆಟ್ಟಿಗೆ ಅದನ್ನು ಹೊರಗೆ ಉಗುಳಿತು.

ಕೆಲವು ದಿನಗಳಲ್ಲೇ ಬೂದು ಬಣ್ಣದ ಗೇಮ್ ಪೆಟ್ಟಿಗೆಯೊಂದು ಅಂಗಡಿಗೆ ಬಂತು. ಕ್ಯಾಸೆಟ್ಟಿನ ಹಲ್ಲುಗಳನ್ನು ಕಂಡೊಡನೆ ಅದು ಕೂಗಿತು: "ನೀನು ನನ್ನವನೇ! ಬಾ, ಬಾ."

ಕ್ಯಾಸೆಟ್ ಅದರೊಳಗೆ ಕೂತಿತು. ಹಲ್ಲುಗಳೆಲ್ಲ ಸರಿಯಾಗಿ ಕೂಡಿಕೊಂಡವು. ಪರದೆ ಮಾತ್ರ ಬೆಳಗಲಿಲ್ಲ.

ಬೂದು ಪೆಟ್ಟಿಗೆ ಮೆಲ್ಲನೆ ಕೇಳಿತು: "ನಿನ್ನೊಳಗೆ ಯಾವ ಆಟವಿತ್ತು?"

"ಗೊತ್ತಿಲ್ಲಣ್ಣಾ," ಎಂದಿತು ಕ್ಯಾಸೆಟ್. "ಅದನ್ನು ನಾನು ನೋಡುವ ಮೊದಲೇ ಸುಟ್ಟುಕೊಂಡೆ."